ಕಬ್ಬಿಣದ ಕೋಲಿನ ಕೆಳಗಿನ ಚೀಟಿ

ಮಾರ್ಚ್ 4, 2024

ತಪ್ಪು ನಡೆದದ್ದು ಮೂರು ದಿನದ ಹಿಂದೆ, ಮಾರ್ಚ್ ಒಂದರಂದು. ಸೊಗೋಕ್ ಜಿಲ್ಲಾಡಳಿತ ತನ್ನ ಹೊಸ ಪಾನೀಯ ಭವನದ ಗಾಜಿನ ಪೆಟ್ಟಿಗೆಯಲ್ಲಿ ಒಂದು ಕಬ್ಬಿಣದ ಕೋಲು ಇಟ್ಟು, ಅದರ ಕೆಳಗೆ ಸುಳ್ಳು ಬರೆಯಿತು. ನಾನು ನೋಡಿದ್ದು ಇವತ್ತು, ಹನ್ನೊಂದು ಗಂಟೆಗೆ.

ಸೋಮವಾರ ಅಮ್ಮನ ಮಂಡಿಗೆ ಶಾಖ ಕೊಡಿಸುವ ದಿನ. ಅವಳನ್ನು ಆಸ್ಪತ್ರೆಯಲ್ಲಿ ಕೂರಿಸಿ, ಕಾಯುವ ಹೊತ್ತು ಕಳೆಯಲು ಭವನದೊಳಗೆ ಹೋದೆ. ಬಾಗಿಲಲ್ಲೇ ಕರಪತ್ರ — ‘ಸೊಗೋಕಿಗೆ ಬಂದರೆ ಕುಡಿದು ನೋಡಲೇಬೇಕಾದ ಹತ್ತು ಪಾನೀಯಗಳು.’ ಓಮಿಜಾ ಹಣ್ಣಿನ ಕೆಂಪು ಶರಬತ್ತು. ಶುಂಠಿ, ದಾಲ್ಚಿನ್ನಿಯ ಸುಜೊಂಗ್ವಾ. ಅನ್ನದ ಅಗುಳು ತೇಲುವ ಸಿಹಿ ಸಿಕ್ಯೆ. ಮೊದಲ ಸ್ಥಾನ ಮಾ ಮನೆತನದ ಮಕ್ಗೊಲ್ಲಿಗೆ, ಅಕ್ಕಿಯ ಬಿಳಿ ಹೆಂಡಕ್ಕೆ. ‘ಮೂರು ತಲೆಮಾರಿನ ಪ್ರೀತಿ’ಯಂತೆ.

ಪಕ್ಕದಲ್ಲಿ ಕೋಲು. ಚೀಟಿ: ‘ಹದಗೋಲು. ಹುದುಗುತ್ತಿರುವ ಅಕ್ಕಿಯ ಹದ ನೋಡಲು ನಮ್ಮ ಹಿರಿಯರು ಬಳಸುತ್ತಿದ್ದ ಸಾಧನ. ಕೊಡುಗೆ: ಮಾ ಮಕ್ಗೊಲ್ಲಿ ಕಾರ್ಖಾನೆ.’

ತುದಿಯಿಂದ ಒಂದು ಗೇಣು ಮೇಲೆ ಬಾಗಿದೆ. ಹಿಡಿಗೆ ಗೋಣಿದಾರ ಸುತ್ತಿದೆ. ಅದೇ ಕೋಲು. ಬೆಂಚಿನ ಮೇಲೆ ಕೂತುಬಿಟ್ಟೆ.

ಮಾರ್ಚ್ 5

ಬರೆದಿಡಬೇಕು. 1966. ಅಜ್ಜನ ತಿಥಿಗೆ ಇನ್ನೆರಡು ದಿನ. ಮನೆಯಲ್ಲಿ ಹೆಂಡ ಮಾಡುವುದು ಮೊದಲಿನಿಂದಲೂ ಅಪರಾಧ. ಅಕ್ಕಿಯಿಂದ ಯಾರೂ ಮಾಡಕೂಡದು ಎಂಬುದು ಹೊಸ ಆಜ್ಞೆ. ಆದರೆ ಸತ್ತವರಿಗೆ ಒಂದು ಬಟ್ಟಲು ಹೆಂಡ ಇಡದೆ ಅದೆಂಥ ತಿಥಿ? ಅಮ್ಮ ಜಾಡಿಯನ್ನು ಹುಲ್ಲಿನ ಬಣವೆಯೊಳಗೆ ಬಚ್ಚಿಟ್ಟಿದ್ದಳು.

ಮಧ್ಯಾಹ್ನ ಕರ ಕಚೇರಿಯವರು ಬಂದರು. ಬಣವೆಗೆ ಆ ಕೋಲಿನಿಂದ ಇರಿಯುತ್ತಾರೆ. ಜಾಡಿಗೆ ತಗುಲಿದರೆ ಠಣ್ ಎನ್ನುತ್ತದೆ. ಅವರು ಕಿವಿಗೊಡುವುದು ಆ ಸದ್ದಿಗೆ. ಅಮ್ಮ ಹಸುವಿಗೆ ಹುಲ್ಲು ಹಿರಿಯುವವಳಂತೆ ಕೂತು, ತೋಳು ಒಳಗೆ ತೂರಿಸಿ, ಜಾಡಿಗೆ ಅಂಗೈ ಅಡ್ಡ ಹಿಡಿದಳು. ಠಣ್ ಎನ್ನಲಿಲ್ಲ. ಅಮ್ಮನೂ ಸದ್ದು ಮಾಡಲಿಲ್ಲ. ಕೋಲು ಹೊರಬಂದಾಗ ತುದಿ ಕೆಂಪಗಿತ್ತು. ಅದರಿಂದಲೇ ಸಿಕ್ಕಿಬಿದ್ದಳು.

ಜಾಡಿ ಒಡೆದರು. ದಂಡಕ್ಕೆ ಹಸು ಹೋಯಿತು. ಅಣ್ಣ ಶಾಲೆ ಬಿಟ್ಟು ಸಿಯೋಲಿನ ಚಪ್ಪಲಿ ಕಾರ್ಖಾನೆ ಸೇರಿದ. ಅಮ್ಮನ ಬಲಗೈಯ ಎರಡು ಬೆರಳು ಇವತ್ತಿಗೂ ಮಡಚುವುದಿಲ್ಲ.

ಅವತ್ತು ಕೇರಿಯಲ್ಲಿ ಅವರು ಕಾಲಿಡದ ಮನೆ ಒಂದೇ — ಪಕ್ಕದ ಬುನ್‌ರೆ ಚಿಕ್ಕಮ್ಮನದು. ಅಣ್ಣ ಸಾಯುವವರೆಗೂ ಆ ಮನೆಗೆ ಶಾಪ ಹಾಕಿದ. ನಾನು ಐವತ್ತೆಂಟು ವರ್ಷ ಅವಳ ಜತೆ ಮಾತಾಡಿಲ್ಲ. ಅಮ್ಮ ಮಾತ್ರ ಪ್ರತಿ ಚಳಿಗಾಲ ಅವಳಿಗೆ ಕಿಮ್ಚಿ ಉಪ್ಪಿನಕಾಯಿ ಕಳಿಸುತ್ತಾಳೆ. ಅಮ್ಮನ ಒಳ್ಳೆಯತನಕ್ಕೆ ಒಂದು ಮಿತಿ ಬೇಡವೇ ಎಂದು ಎಷ್ಟೋ ಸಲ ರೇಗಿದ್ದೇನೆ.

ಜಿಲ್ಲೆಯ ವೆಬ್‌ಸೈಟಿನ ಸಾರ್ವಜನಿಕ ದೂರಿನ ಪುಟದಲ್ಲಿ ಮೂರು ಪ್ರಶ್ನೆ ಹಾಕಿದೆ. ಆ ಚೀಟಿ ಬರೆದವರು ಯಾರು? ಆ ಕೋಲು ಮಾ ಮನೆಗೆ ಹೇಗೆ ಬಂತು? ಅವತ್ತು ನಮ್ಮ ಮನೆಯ ಸುಳಿವು ಕೊಟ್ಟವರು ಯಾರು, ಮತ್ತು ಶೋಧಿಸದೆ ಬಿಟ್ಟ ಒಂದೇ ಮನೆ ಯಾವುದು? ಹೆಸರು ಬರೆಯಲಿಲ್ಲ. ಬೇಕಾಗಿಯೂ ಇಲ್ಲ. ಊರಿಗೆ ಗೊತ್ತು.

ಮಾರ್ಚ್ 7

ಜಿಲ್ಲಾ ಕಚೇರಿಯಿಂದ ಫೋನು. ತಾಕ್ ಉಜಿನ್, ನನ್ನ ಹಳೆಯ ವಿದ್ಯಾರ್ಥಿ.

“ಟೀಚರ್, ನಾನು ಉಜಿನ್. ಮೂರನೇ ಬೆಂಚಲ್ಲಿ ಮೂಗು ಸುರಿಸ್ಕೊಂಡು ಕೂರ್ತಿದ್ನಲ್ಲ...”

“ಈಗ್ಲಾದ್ರೂ ಒರೆಸ್ಕೊಂಡ್ಯೋ? ಆ ಚೀಟಿ ಬರೆದಿದ್ದು ಯಾರಪ್ಪ?”

“ಅದು... ಕೊಟ್ಟೋರು ಹೇಳಿದ್ದನ್ನೇ ಬರೆದ್ವಿ ಟೀಚರ್.”

“ಅವ್ರು ಅದು ರಾಜನ ಹಲ್ಲುಕಡ್ಡಿ ಅಂದಿದ್ರೆ?”

“ಪರಿಶೀಲಿಸ್ತೀವಿ ಟೀಚರ್.”

ಮಾರ್ಚ್ 9

ಸಂತೆಯಲ್ಲಿ ಮಾ ಜೊಂಗ್ಗು ಸಿಕ್ಕ. ಕಾರ್ಖಾನೆಯ ಈಗಿನ ಯಜಮಾನ. ಒಂದೇ ತರಗತಿಯಲ್ಲಿ ಓದಿದವರು ನಾವು.

“ಏನೇ ಪಿಲ್‌ಸುನ್, ರಿಟೈರ್ ಆದ್ಮೇಲೂ ಕೆಂಪು ಇಂಕು ಹಿಡ್ಕೊಂಡು ಊರು ತಿದ್ತಿದೀಯಂತೆ?”

“ನಿನ್ನ ಪುಸ್ತಕ ತಿದ್ದೋಕೇ ಇಂಕು ಖಾಲಿ ಆಯ್ತು. ಆ ಕೋಲು ನಿಮ್ಮನೆಗೆ ಹೇಗೋ ಬಂತು?”

“ಬರೋದೇನು, ಮೊದ್ಲಿಂದ ನಮ್ಮ ಉಗ್ರಾಣದಲ್ಲೇ ಇತ್ತು. ಕರ ಕಚೇರಿಯವ್ರಿಗೆ ಹಳ್ಳಿ ದಾರಿ ಗೊತ್ತಾ? ಅಪ್ಪನೇ ಮುಂದೆ ಹೋಗ್ತಿದ್ರು. ಎಲ್ಲಾರೂ ಮನೇಲೇ ಮಾಡ್ಕೊಂಡ್ರೆ ನಮ್ಮ ಹೆಂಡ ಯಾರ್ ಕುಡೀಬೇಕು ಹೇಳು.”

ಹವಾಮಾನ ಹೇಳುವವನ ಹಾಗೆ ಹೇಳಿದ. ನಾನು ಕೈಯಲ್ಲಿದ್ದ ಈರುಳ್ಳಿ ಕಟ್ಟು ಕೆಳಗೆ ಹಾಕಿದೆ. ಇಷ್ಟು ವರ್ಷ ಆ ಕೋಲು ಸರ್ಕಾರದ್ದು ಅಂದುಕೊಂಡಿದ್ದೆ. ಹಿಡಿದ ಕೈಯೂ ಸರ್ಕಾರದ್ದೇ ಅಂದುಕೊಂಡಿದ್ದೆ. ಅವತ್ತು ನನ್ನ ಕಣ್ಣು ಹಿಡಿದವನ ಕೋಟಿನ ಮೇಲಿತ್ತೇ ಹೊರತು ಮುಖದ ಮೇಲಲ್ಲ.

ಹೋಗುವಾಗ ತಿರುಗಿ ನಿಂತ. “ಏಪ್ರಿಲ್ ಹನ್ನೆರಡಕ್ಕೆ ಭವನದ ಅಧಿಕೃತ ಉದ್ಘಾಟನೆ. ಮೊದಲ ಬಟ್ಟಲು ನಿಮ್ಮಮ್ಮನೇ ಸುರೀಬೇಕು, ಊರಿಗೇ ಹಿರೀಕರು. ಮತ್ತೆ... ಆ ಮೂರನೇ ಪ್ರಶ್ನೆ ಬಿಟ್ಬಿಡು.”

“ಬೆದರಿಕೆನಾ?”

“ಅಲ್ವೇ ಮಾರಾಯ್ತಿ. ನಿನ್ನ ಒಳ್ಳೇದಕ್ಕೆ.”

ಬಿಡುವುದಿಲ್ಲ.

ಮಾರ್ಚ್ 18

ಉತ್ತರ ಬಂದಿಲ್ಲ. ಆದರೆ ಊರೆಲ್ಲ ಓದಿದೆ. ವೃದ್ಧರು ಸೇರುವ ಊರಮನೆಗೆ ಬುನ್‌ರೆ ಚಿಕ್ಕಮ್ಮ ಹತ್ತು ದಿನದಿಂದ ಊಟಕ್ಕೆ ಬಂದಿಲ್ಲ. ಕೊನೆಯ ಸಲ ಬಂದಾಗ ಅವಳ ಚಪ್ಪಲಿಯನ್ನು ಯಾರೋ ಸಾಲಿನಿಂದ ಎತ್ತಿ ಅಂಗಳಕ್ಕೆ ಎಸೆದಿದ್ದರಂತೆ. ಎಂಬತ್ತಾರು ವರ್ಷದವಳು ಬರಿಗಾಲಲ್ಲಿ ಇಳಿದು ಹುಡುಕಿದಳಂತೆ. ಕೇಳಿ ಸಮಾಧಾನವಾಗಬೇಕಿತ್ತು. ಆಗಲಿಲ್ಲ.

ಅಮ್ಮ ಎರಡು ದಿನದಿಂದ ಸರಿಯಾಗಿ ಉಣ್ಣುತ್ತಿಲ್ಲ.

“ಆ ಮೂರನೇದು ತೆಗಿ.”

“ಯಾಕಮ್ಮ? ನಿನ್ನ ಕೈ ತೂತು ಬೀಳೋ ಹಾಗೆ ಮಾಡಿದ್ದು ಯಾರು ಅಂತ ಗೊತ್ತಾಗೋದು ಬೇಡ್ವಾ?”

ಬಾರ್ಲಿ ಚಹಾದ ಬಟ್ಟಲನ್ನು ಸುಮ್ಮನೆ ತಿರುಗಿಸುತ್ತ ಕೂತಳು.

“ನಂಗೊತ್ತು” ಅಂದಳು.

ಮಾರ್ಚ್ 20

ಬೆಳಿಗ್ಗೆ. ಬೆಳ್ಳುಳ್ಳಿ ಸುಲಿಯುತ್ತ ಹೇಳಿದಳು. ತಲೆ ಎತ್ತಲಿಲ್ಲ.

“ಅವತ್ತು ಬೆಳಿಗ್ಗೆ ಜಾಡಿಯಿಂದ ಸ್ವಲ್ಪ ತೆಗೆದು ಸೋಸಿದ್ದೆ. ಮನೇಲಿ ಬೇರೇನೂ ಇರ್ಲಿಲ್ಲ. ಉಳಿದ ಗಸಿಗೆ ಸಿಹಿಗೆ ಚೂರು ಸ್ಯಾಕರಿನ್ ಕಲೆಸಿ ನಿಂಗೆ ತಿನ್ನಿಸ್ದೆ. ನೀನು ಕೆನ್ನೆ ಕೆಂಪಗೆ ಮಾಡ್ಕೊಂಡು, ತೂರಾಡ್ಕೊಂಡು ಶಾಲೆಗೆ ಹೋದೆ. ಕಾರ್ಖಾನೆ ಮುಂದೆ ಜೊಂಗ್ಗು ಅಪ್ಪ ನಿಲ್ಲಿಸ್ದ. ಮಿಠಾಯಿ ಕೊಟ್ಟು, ಬೆಳಿಗ್ಗೆ ಏನ್ ತಿಂದ್ಯೆ ಮಗಾ ಅಂತ ಕೇಳ್ದ. ನೀನು ಒಳ್ಳೆ ಹುಡ್ಗಿ. ಸುಳ್ಳು ಹೇಳ್ಬಾರ್ದು ಅಂತ ನಾನೇ ಕಲಿಸಿದ್ದೆ. ಇದ್ದಿದ್ದು ಹೇಳ್ಬಿಟ್ಟೆ ನೀನು.”

ಮಿಠಾಯಿ ನೆನಪಿದೆ. ಬಿಳಿಯದು, ಮೈತುಂಬ ಸಕ್ಕರೆ ಹರಳು. ಕೊಟ್ಟ ಕೈ ನೆನಪಿಲ್ಲ. ನನ್ನ ನೆನಪಿನ ಶಕ್ತಿಯನ್ನು ಊರೇ ಹೊಗಳುತ್ತದೆ.

“ಇಷ್ಟು ವರ್ಷ ಯಾಕಮ್ಮ ಹೇಳ್ಲಿಲ್ಲ?”

“ಗಸಿ ತಿನ್ನಿಸಿದೋಳು ನಾನು. ಒಂಬತ್ತು ವರ್ಷದ ಮಗು ತಲೆ ಮೇಲೆ ಒಂದು ಹಸು, ಅಣ್ಣನ ಶಾಲೆ, ಈ ಕೈ... ಎಲ್ಲಾ ಹೊರಿಸೋದಾ?”

ಮಾರ್ಚ್ 21

ಬರೆಯಲು ಕೂತೆ. ಆಗಲಿಲ್ಲ.

ಮಾರ್ಚ್ 25

ಬುನ್‌ರೆ ಚಿಕ್ಕಮ್ಮನ ಮನೆಗೆ ಹೋದೆ. ನಡುವೆ ಇರುವುದು ಎದೆಮಟ್ಟದ ಗೋಡೆ. ಹಾಕಿದ್ದು ನಲವತ್ತು ಹೆಜ್ಜೆ. ನೆಲಕ್ಕೆ ಹಣೆ ಮುಟ್ಟಿಸಿದೆ. ಏಳಲಾಗಲಿಲ್ಲ.

“ಏಳೇ, ಏಳು. ನಿನ್ನ ಮಂಡೀನೂ ಹೋದ್ರೆ ಅಕ್ಕನ್ನ ಆಸ್ಪತ್ರೆಗೆ ಯಾರು ಕರ್ಕೊಂಡು ಹೋಗ್ತಾರೆ?”

ಸಿಕ್ಯೆ ತಂದಿಟ್ಟಳು. ತಣ್ಣಗಿತ್ತು, ಮೇಲೆ ಅನ್ನದ ಅಗುಳು ತೇಲುತ್ತಿತ್ತು. ಬಟ್ಟಲು ಪಕ್ಕಕ್ಕಿಟ್ಟು ಕೇಳಿದೆ.

“ಅವತ್ತು ನಿಮ್ಮನೆಗೆ ಯಾಕೆ ಬರ್ಲಿಲ್ಲ ಚಿಕ್ಕಮ್ಮ?”

“ನಮ್ಮನೇಲಿ ಅಕ್ಕಿನೇ ಇರ್ಲಿಲ್ವಲ್ಲೇ. ಜೊಂಗ್ಗು ಅಪ್ಪಂಗೆ ಗೊತ್ತಿತ್ತು. ಇಲ್ದಿರೋ ಮನೇಲಿ ಏನಂತ ಹುಡುಕ್ತಾರೆ?”

ಇಷ್ಟೇ. ಐವತ್ತೆಂಟು ವರ್ಷ ನಾನು ದ್ರೋಹ ಎಂದು ಓದಿದ್ದು ಹಸಿವನ್ನು.

ಅವಳಿಗೆ ಎಲ್ಲವೂ ಗೊತ್ತಿತ್ತು. ಅಮ್ಮ ಮಾರನೆಯ ದಿನವೇ ಬಂದು ಹೇಳಿದ್ದಳಂತೆ, ಮಗುವಿಗೆ ತಿಳಿಯಬಾರದು ಎಂದು ಕೈ ಹಿಡಿದು ಕೇಳಿದ್ದಳಂತೆ, ಬಟ್ಟೆ ಸುತ್ತಿದ ಕೈಯಲ್ಲಿ.

“ಸರಿ ಅಕ್ಕಾ ಅಂದೆ. ನೀನು ಅಜ್ಜಿಯಾಗೋವರ್ಗೂ ಮುಖ ತಿರುಗಿಸ್ಕೊಂಡು ಓಡಾಡ್ತೀಯ ಅಂತ ಗೊತ್ತಿದ್ರೆ ಇನ್ನೊಂದ್ಸಲ ಯೋಚ್ನೆ ಮಾಡ್ತಿದ್ದೆ.” ನಕ್ಕಳು. ಬಾಯಲ್ಲಿ ಹಲ್ಲಿಲ್ಲ.

ಏಪ್ರಿಲ್ 3

ಜಿಲ್ಲೆಯ ಉತ್ತರ ಬಂತು. ಒಂದು: ಚೀಟಿಯ ಬರಹ ಪರಿಶೀಲನೆಯಲ್ಲಿದೆ. ಎರಡು: ಅದು ದಾನಿಗಳ ಖಾಸಗಿ ವಿಷಯ. ಮೂರು: ದಾಖಲೆ ಲಭ್ಯವಿಲ್ಲ.

ಹೋಗಿ ನೋಡಿದೆ. ಅದೇ ಚೀಟಿ. ‘ನಮ್ಮ ಹಿರಿಯರು ಬಳಸುತ್ತಿದ್ದ...’ ಇಬ್ಬರು ಮಕ್ಕಳು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು, ಬೆರಳೆತ್ತಿ.

ಉದ್ಘಾಟನೆಗೆ ಹೋಗಬೇಡ ಎಂದೆ ಅಮ್ಮನಿಗೆ.

“ಯಾಕ್ ಹೋಗ್ಬಾರ್ದು? ಹೋಗ್ತೀನಿ. ಹೆಂಡ ಸುರಿಯೋದು ಎರಡೂ ಕೈಯಲ್ಲಿ ತಾನೆ? ಈ ಕೈ ನೋಡ್ಲಿ.”

ಏಪ್ರಿಲ್ 12, ಬೆಳಿಗ್ಗೆ 8

ಹಳೆಯ ದೂರನ್ನು ನಾನೇ ತೆಗೆದುಹಾಕಿದೆ. ಹೊಸದು ಹಾಕಿದೆ. ಇವತ್ತು ಅಲ್ಲಿ ನಿಂತು ಓದುತ್ತೇನೆ. ಇದು ಅದರ ಪ್ರತಿ:

‘ಮೂರನೆಯ ಪ್ರಶ್ನೆಗೆ ನಾನೇ ಉತ್ತರಿಸುತ್ತೇನೆ. ಸುಳಿವು ಕೊಟ್ಟವಳು ಪಾಂಗ್ ಪಿಲ್‌ಸುನ್, ಅಂದರೆ ನಾನು. ಆಗ ಒಂಬತ್ತು ವರ್ಷ. ಒಂದು ಮಿಠಾಯಿಗೆ. ಬುನ್‌ರೆ ಚಿಕ್ಕಮ್ಮನ ಮನೆಯಲ್ಲಿ ಶೋಧಿಸಲು ಒಂದು ಹಿಡಿ ಅಕ್ಕಿಯೂ ಇರಲಿಲ್ಲ. ಅವಳನ್ನು ಅನುಮಾನಿಸಿದ್ದಕ್ಕೆ, ಊರೂ ಅನುಮಾನಿಸುವಂತೆ ಮಾಡಿದ್ದಕ್ಕೆ ಎಲ್ಲರೆದುರು ಕ್ಷಮೆ ಕೇಳುತ್ತೇನೆ.

ಮಗುವಿನ ಹೆಸರು ಬಂತು. ಇನ್ನು ದೊಡ್ಡವರದು ಬರಲಿ. ಆ ಕೋಲು ಯಾರದು, ಹಿಡಿದವರು ಯಾರು, ಅದು ತೂರಿದ್ದು ಅಕ್ಕಿಯೊಳಗೋ ಅಂಗೈಯೊಳಗೋ? ಆ ಗಾಜಿನ ಕೆಳಗೇ ಬರೆಯಿರಿ. ದಾಖಲೆ ಇಲ್ಲವೆಂದಿರಿ. ದಾಖಲೆ ಇವತ್ತು ನಿಮ್ಮ ವೇದಿಕೆಗೆ ಬರುತ್ತಿದೆ, ತೊಂಬತ್ತೊಂದು ವರ್ಷದ್ದು, ಬಲಗೈಯದು.’

ಬಾಗಿಲಲ್ಲಿ ಅಮ್ಮ ಆಗಲೇ ಚಪ್ಪಲಿ ಹಾಕಿಕೊಂಡು ನಿಂತಿದ್ದಾಳೆ. ಬುನ್‌ರೆ ಚಿಕ್ಕಮ್ಮ ಅವಳ ತೋಳು ಹಿಡಿದಿದ್ದಾಳೆ. ನನ್ನನ್ನೇ ಕೂಗುತ್ತಿದ್ದಾರೆ. ಅಲ್ಲಿ ಓದುವುದಕ್ಕೆ ಕೊನೆಯ ಸಾಲೊಂದು ಸೇರಿಸಬೇಕು: ಪರಿಶೀಲನೆ ಬೇಡ. ಉತ್ತರ ಬೇಕು — ಮೈಕಿನಲ್ಲಿ, ಎಲ್ಲರಿಗೂ ಕೇಳುವಂತೆ, ಅಮ್ಮ ಮೊದಲ ಬಟ್ಟಲು ಸುರಿಯುವ ಮೊದಲು —