ಮಾರುವ ಮೊದಲೇ ಹಿಟ್ಟಾದ ಗೋಧಿ

ಸಕ್ಕರ್, ಮೇ ೧೪, ಮಂಗಳವಾರ

ಆ ರೊಟ್ಟಿಯ ಚಿಂತೆ ಬಿಡುತ್ತಿಲ್ಲ. ನಮ್ಮ ಬ್ಯಾಂಕು ಬಡ್ಡಿ ಮುಟ್ಟುವುದಿಲ್ಲ. ಗೋಧಿ ಕೊಂಡು ಗಿರಣಿಯಲ್ಲೇ ಇರಿಸಿ, ಆಮೇಲೆ ಲಾಭವಿಟ್ಟು ಗಿರಣಿಯ ಇದ್ರೀಸ್ ಹಾಜಿಗೆ ಮಾರುತ್ತದೆ. ಮಾರುವಾಗ ಗೋಧಿ ಇದೆಯೇ ಎಂದು ನೋಡುವುದು ಲೆಕ್ಕ ತಪಾಸಣೆಯವನಾದ ನನ್ನ ಕೆಲಸ.

ಇಂದು ಹಾಜಿಯವರ ಮನೆಯಲ್ಲಿ ಊಟ ಮುಗಿಸಿ, “ನಾಳೆ ನಿಮಗೆ ಮಾರುವ ಗೋಧಿ ತೋರಿಸಿ, ಹಾಜಿ ಸಾಹೇಬ್ರೇ” ಎಂದೆ.

“ಅಯ್ಯೋ ಬೇಟಾ, ಆಗಲೇ ಬೀಸಿಬಿಟ್ನಲ್ಲ! ನೀನೀಗ ತಿಂದಿದ್ದೂ ಅದೇ ಹಿಟ್ಟಿನ ರೊಟ್ಟಿ. ನಿಮ್ಮೋರು ರುಜು ಹಾಕೋವರೆಗೂ ಗಿರಣಿ ಉಪವಾಸ ಇರುತ್ತಾ? ನಾನೇನು ದುಡ್ಡು ಕೊಡಲ್ಲ ಅಂದ್ನಾ?”

ಮೋಸಗಾರರಲ್ಲ, ಕೊಟ್ಟೇ ಕೊಡುತ್ತಾರೆ. ಆದರೆ ಇಲ್ಲದ ಗೋಧಿ ಮಾರಿ ಪಡೆದ ಲಾಭಕ್ಕೂ ಬಡ್ಡಿಗೂ ಏನು ವ್ಯತ್ಯಾಸ? ವರದಿ ಬರೆದರೆ ಅವರ ವ್ಯವಹಾರ ನಿಲ್ಲುತ್ತದೆ. ಬರೆಯದಿದ್ದರೆ ನಾನೇಕೆ ಈ ಕೆಲಸದಲ್ಲಿರಬೇಕು?

ಕೈಯಲ್ಲಿನ್ನೂ ತುಪ್ಪದ ವಾಸನೆ. ನಾಳೆಯವರೆಗೆ ಆ ಹಿಟ್ಟು ಬ್ಯಾಂಕಿನದೇ. ಹಾಗಾದರೆ ಬ್ಯಾಂಕನ್ನು ಕೇಳದೆ, ಇನ್ನೊಂದು ಹಾಕಿ ಎಂದು ಬೇಡಿ ರೊಟ್ಟಿ ತಿಂದ ನಾನು ಕಳ್ಳನಲ್ಲವೇ?