ನಾಣ್ಯ ತೊಳೆದ ಕೈ

ಸ್ಫಾಕ್ಸ್
೧೪ ನವೆಂಬರ್ ೧೯೯೬

ಪ್ರೀತಿಯ ನಾದಿನಿ ಸಾಲ್ಹಾಳಿಗೆ,

ನೀನು, ನಿನ್ನ ಯಜಮಾನರು, ಮಕ್ಕಳು ಎಲ್ಲರೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಎರಡು ಕಾಗದಗಳೂ ಬಂದು ಸಕ್ಕರೆ ಡಬ್ಬಿಯ ಕೆಳಗೆ ಕುಳಿತಿವೆ. ಉತ್ತರ ತಡವಾಯಿತೆಂದು ಬೈಯಬೇಡ. ಅಣ್ಣ ಹೋದ ಮೇಲೆ ಅತ್ತಿಗೆ ನಮ್ಮನ್ನು ಮರೆತಳು ಎಂದು ನಿಮ್ಮ ಗಾಬೆಸ್ ಊರಿನಲ್ಲಿ ಯಾರ ಹತ್ತಿರವಾದರೂ ಹೇಳಿದ್ದರೆ ಆ ಮಾತನ್ನು ವಾಪಸ್ಸು ತೆಗೆದುಕೋ. ಮೂರು ಸಲ ಬರೆಯಲು ಕುಳಿತೆ. ಮೂರು ಸಲವೂ ಸಿಟ್ಟಿಗೆ ಅಕ್ಷರ ಸೊಟ್ಟಗಾಗಿ ಹರಿದುಹಾಕಿದೆ. ಇವತ್ತೂ ಸಿಟ್ಟು ಇಳಿದಿಲ್ಲ. ಆದರೆ ಇದನ್ನು ಇನ್ನೂ ಹೊಟ್ಟೆಯಲ್ಲಿಟ್ಟುಕೊಂಡರೆ ನನಗೆ ಊಟ ಸೇರುವುದಿಲ್ಲ.

ಊರಿನಲ್ಲಿ ಆಲಿವ್ ಕೊಯ್ಲು ಶುರುವಾಗಿದೆ, ಗಾಣದ ವಾಸನೆ ನಮ್ಮ ಬೀದಿಯ ತನಕ ಬರುತ್ತದೆ. ನಿನಗೆಂದು ಎರಡು ಡಬ್ಬಿ ಹೊಸ ಎಣ್ಣೆ ತೆಗೆದಿಟ್ಟಿದ್ದೇನೆ, ಯಾರಾದರೂ ಆ ಕಡೆ ಬರುವವರಿದ್ದರೆ ಕಳಿಸುತ್ತೇನೆ. ನನ್ನ ಮೊಣಕಾಲು ನೋವು ಹಾಗೆಯೇ ಇದೆ. ನಿನ್ನ ಮಗಳ ನಿಶ್ಚಿತಾರ್ಥಕ್ಕೆ ಬಂದೇ ಬರುತ್ತೇನೆ, ಕುಂಟಿಕೊಂಡಾದರೂ.

ಈಗ ವಿಷಯಕ್ಕೆ ಬರುತ್ತೇನೆ. ನಿಮ್ಮಣ್ಣ ಪ್ರತಿ ಭಾನುವಾರ ಹೋಗುತ್ತಿದ್ದ ಆ ನಾಣ್ಯಪ್ರಿಯರ ಕೂಟ ನಿನಗೆ ಗೊತ್ತಲ್ಲ. ಅದರ ಅಧ್ಯಕ್ಷರು ಔಷಧಿ ಅಂಗಡಿಯ ಮುನ್ಸಿಫ್ ಸಾಹೇಬರು, ಎಲ್ಲರೂ ಗೌರವದಿಂದ ಸಿ ಮುನ್ಸಿಫ್ ಅನ್ನುವವರು. ನಲವತ್ತನೇ ದಿನದ ಕುರಾನ್ ಓದು ಮುಗಿದು ಒಂದು ವಾರಕ್ಕೆ ಮನೆಗೆ ಬಂದು, "ಲಲ್ಲಾ ಮೊಂಜಿಯಾ, ಸಿ ತಯ್ಯಿಬ್ ನೆನಪಿಗೆ ಅವರ ನಾಣ್ಯಗಳದ್ದೇ ಒಂದು ಪ್ರದರ್ಶನ ಮಾಡೋಣ ಅಂತಿದೀವಿ, ನೀವು ಹ್ಞೂಂ ಅನ್ಬೇಕು," ಎಂದರು. ನನಗೆ ಕಣ್ಣಲ್ಲಿ ನೀರು ಬಂತು. ರೈಲ್ವೆ ಟಿಕೆಟ್ ಕೌಂಟರಿನಲ್ಲಿ ಜೀವ ಸವೆಸಿದ ಮನುಷ್ಯನಿಗೆ ಇಷ್ಟಾದರೂ ಗೌರವ ಸಿಗಲಿ ಎಂದು ಹ್ಞೂಂ ಅಂದೆ. ಪ್ರದರ್ಶನಕ್ಕೆ ವಿಮೆ ಮಾಡಿಸಬೇಕು, ಅದಕ್ಕೆ ಒಂದೊಂದು ನಾಣ್ಯದ ಬೆಲೆ ಗೊತ್ತಾಗಬೇಕು, ಹಾಗಾಗಿ ಟ್ಯೂನಿಸ್‌ನಿಂದ ಬೆಲೆ ಕಟ್ಟುವವರೊಬ್ಬರನ್ನು ಕರೆಸಿದರು. ಶಾದ್ಲಿ ಅಂತ ಅವರ ಹೆಸರು. ಒಣಕಲು ಆಳು, ನಗುವುದೇ ಇಲ್ಲ.

ಅವರೂ ಕೂಟದವರೂ ನಮ್ಮ ನಡುಮನೆಯಲ್ಲಿ ಕುಳಿತರು. ಆ ಶಾದ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ನಾಣ್ಯವನ್ನು ಅಂಚಿನಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಓರೆ ಮಾಡಿದರು. ಮೊದಲನೆಯದು ನೋಡಿದರು, ಎರಡನೆಯದು ನೋಡಿದರು. ಬೇ ದೊರೆಗಳ ಕಾಲದ ತಾಮ್ರದ ಕಾಸುಗಳ ಸರದಿ ಬಂದಾಗ ಕನ್ನಡಿ ತೆಗೆದು ಮೇಜಿನ ಮೇಲಿಟ್ಟರು.

"ಇದನ್ನ ಯಾರ್ರೀ ತೊಳೆದಿದ್ದು? ಅಕ್ಷರದ ಸಂದೀಲೂ ಒಂದು ಕಣ ಮಣ್ಣಿಲ್ಲ. ಹಸಿರು ಪೊರೆ ಮಾತ್ರ ಇದ್ದಂಗೇ ಇದೆ, ಒಂದು ಗೀರಿಲ್ಲ. ಬೇರೆಯವರ ಮನೇಲಿ ಈ ಕಾಸಿಗೆ ಹದಿನೈದು ದಿನಾರ್ ಹೇಳ್ತಿದ್ದೆ. ಇಲ್ಲಿ ನಲವತ್ತು. ಮಿಕ್ಕಿದ್ದೆಲ್ಲಾ ಆ ಕೈಗೆ."

ಸಾಲ್ಹಾ, ನಾನು ಬಾಗಿಲಲ್ಲಿ ಕಾಫಿ ತಟ್ಟೆ ಹಿಡಿದು ನಿಂತಿದ್ದೆ. ಆ ಕೈಯಲ್ಲೇ!

ಮೇಷ್ಟರು ಹಮ್ಮಾದಿ, ಕೂಟದ ಕಾರ್ಯದರ್ಶಿ, ಎದೆ ಮುಟ್ಟಿಕೊಂಡು, "ಸಿ ತಯ್ಯಿಬ್ ಕೈ ಅಂದ್ರೆ ಕೈ! ದೇವರು ಅವರಿಗೆ ಕರುಣೆ ತೋರ್ಲಿ," ಎಂದರು. ಎಲ್ಲರೂ ಆಮೀನ್ ಅಂದರು. ನಾನು ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಮೇಷ್ಟರು ನನ್ನ ಕಡೆ ತಿರುಗಿ, "ಲಲ್ಲಾ, ನನಗೆ ಇನ್ನೊಂದು ಚೂರು ಸಕ್ಕರೆ," ಅಂದರು. ಹೋಗಿ ಸಕ್ಕರೆ ತಂದೆ. ಅದಕ್ಕೆ ನನಗೆ ಇವತ್ತಿಗೂ ನನ್ನ ಮೇಲೇ ಸಿಟ್ಟು.

ನಿಮ್ಮಣ್ಣನ ಕೈ ನಡುಗುತ್ತಿತ್ತು. ಮದುವೆಯಾಗಿ ಆರನೇ ವರ್ಷಕ್ಕೇ ಶುರುವಾದ ನಡುಕ, ಯಾವ ಡಾಕ್ಟರಿಂದಲೂ ನಿಲ್ಲಲಿಲ್ಲ. ಅಂಗಿ ಗುಂಡಿ ನಾನೇ ಹಾಕಬೇಕಿತ್ತು. ಅವರಿಗೆ ನಾಣ್ಯ ಹುಡುಕುವ ಕಣ್ಣಿತ್ತು, ಅದನ್ನು ನಾನು ಯಾವತ್ತೂ ಇಲ್ಲ ಅನ್ನುವುದಿಲ್ಲ. ಸಂತೆಯಲ್ಲಿ ತುಕ್ಕು ಮೊಳೆಗಳ ರಾಶಿಯಿಂದ ಮಣ್ಣುಂಡೆಯಂಥದ್ದನ್ನು ಎತ್ತಿ, "ಮೊಂಜಿಯಾ, ಇದರೊಳಗೆ ಏನೋ ಇದೆ," ಎಂದರೆ ಇದ್ದೇ ಇರುತ್ತಿತ್ತು. ಆದರೆ ಆ ಒಳಗಿದ್ದದ್ದನ್ನು ಹೊರಗೆ ತಂದವಳು ನಾನು.

ಮೂವತ್ತೊಂದು ವರ್ಷ, ಸಾಲ್ಹಾ. ಮೊದಲು ಬಟ್ಟಿ ಇಳಿಸಿದ ನೀರಿನಲ್ಲಿ ನೆನೆಹಾಕುವುದು, ದಿನ ಬಿಟ್ಟು ದಿನ ನೀರು ಬದಲಾಯಿಸುವುದು. ಆಮೇಲೆ ಆಲಿವ್ ಎಣ್ಣೆಯಲ್ಲಿ ಒಂದು ತಿಂಗಳೋ, ಐದು ತಿಂಗಳೋ, ಮಣ್ಣು ಬಾಯಿ ಬಿಡುವ ತನಕ. ಆಮೇಲೆ ಪಾಪಾಸುಕಳ್ಳಿಯ ಮುಳ್ಳು. ಸೂಜಿಯಾದರೆ ಗೀರುತ್ತದೆ, ಕಡ್ಡಿಯಾದರೆ ಮೊಂಡಾಗುತ್ತದೆ, ಈ ಮುಳ್ಳು ಮಾತ್ರ ಮಣ್ಣನ್ನು ಎಬ್ಬಿಸಿ ಲೋಹವನ್ನು ಬಿಡುತ್ತದೆ. ಇದನ್ನು ನನಗೆ ಯಾರೂ ಕಲಿಸಿದ್ದಲ್ಲ. ಗಟ್ಟಿ ಹಸಿರು ಇರಬೇಕು, ಹಿಟ್ಟಿನಂತೆ ಉದುರುವ ತಿಳಿಹಸಿರು ಬಂದರೆ ಅದು ರೋಗ, ಪಕ್ಕದ ನಾಣ್ಯಕ್ಕೂ ಹತ್ತುತ್ತದೆ ಎನ್ನುವುದನ್ನೂ ನಾನೇ ಹದಿನಾಲ್ಕು ನಾಣ್ಯ ಕಳೆದುಕೊಂಡು ಕಲಿತೆ. ಬೇಳೆ ಬೇಯುವ ಹೊತ್ತು, ಮಕ್ಕಳು ಮಲಗಿದ ಮಧ್ಯಾಹ್ನ, ಅಡುಗೆಮನೆ ಕಿಟಕಿಯ ಹತ್ತಿರ ಕುಳಿತು ಮಾಡಿದ ಕೆಲಸ ಅದು. ಒಂದು ಕಾಸಿನ ಮೇಲೆ ಇಸವಿಯ ಕೊನೆಯ ಅಂಕಿ ಮುಚ್ಚಿಹೋಗಿತ್ತು. ಆಲಿವ್ ಕೊಯ್ಲಿಗೆ ಹಿಡಿದದ್ದು ಏಪ್ರಿಕಾಟ್ ಹಣ್ಣಿನ ಕಾಲಕ್ಕೆ ಬಿಟ್ಟುಕೊಟ್ಟಿತು. ಅಂಕಿ ಕಂಡ ಕೂಡಲೇ ಕಿರುಚಿದೆ, ಒಲೆಯ ಮೇಲಿನ ಮೀನು ಸೀದುಹೋಯಿತು. ನಿಮ್ಮಣ್ಣ ಓಡಿಬಂದು ಆ ಕಾಸಿಗೆ ಮುತ್ತಿಟ್ಟರು. ಆ ಹೊತ್ತಿಗೆ ನನಗೂ ಅದೇ ಸರಿ ಅನ್ನಿಸಿತ್ತು.

ಕಳೆದ ಶನಿವಾರ ಪ್ರದರ್ಶನ. ನಾನು ಕಪ್ಪು ಕೋಟು ಹಾಕಿಕೊಂಡು, ಬಾದಾಮಿ ಬಿಸ್ಕತ್ತು ಕಟ್ಟಿಕೊಂಡು, ಜನ ಸೇರುವುದಕ್ಕೆ ಒಂದು ಗಂಟೆ ಮೊದಲೇ ಹೋದೆ. ಕೂಟದವರು ಎಂಟು ಜನ ಇದ್ದರು. ಗಾಜಿನ ಪೆಟ್ಟಿಗೆಗಳಲ್ಲಿ ನೀಲಿ ಬಟ್ಟೆಯ ಮೇಲೆ ನನ್ನ ನಾಣ್ಯಗಳು. ಚೆನ್ನಾಗಿಯೇ ಜೋಡಿಸಿದ್ದರು, ಅನ್ಯಾಯ ಹೇಳಬಾರದು. ನಡುವಿನ ಪೆಟ್ಟಿಗೆಯಲ್ಲಿ ದಪ್ಪ ಚೀಟಿ, ಅದರ ಮೇಲೆ ಚಂದದ ಅಕ್ಷರದಲ್ಲಿ: "ಇಲ್ಲಿರುವ ಎಲ್ಲ ನಾಣ್ಯಗಳನ್ನು ದಿವಂಗತ ತಯ್ಯಿಬ್ ಅವರು ಸಂಗ್ರಹಿಸಿ, ಸ್ವಹಸ್ತದಿಂದ ಶುಚಿಗೊಳಿಸಿದ್ದಾರೆ."

ಓದಿದೆ. ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ. ಬಿಸ್ಕತ್ತಿನ ಡಬ್ಬಿಯನ್ನು ಕುರ್ಚಿಯ ಮೇಲೆ ಕುಕ್ಕಿದೆ.

"ಯಾರು ಬರೆದ್ರು ಇದನ್ನ?"

"ಕೂಟದ ಪರವಾಗಿ ನಾನೇ ಬರೆದೆ, ಲಲ್ಲಾ," ಎಂದರು ಸಿ ಮುನ್ಸಿಫ್.

"ಸ್ವಹಸ್ತ ಅಂದ್ರೆ ಯಾರ ಹಸ್ತ?"

"ಸಿ ತಯ್ಯಿಬ್‌ರದ್ದು..."

"ಅವರ ಕೈ ನಡುಗ್ತಿತ್ತು. ಮೂವತ್ತು ವರ್ಷ ಪ್ರತಿ ಭಾನುವಾರ ಅವರ ಜೊತೆ ಕಾಫಿ ಕುಡಿದಿದೀರಿ. ಒಂದು ದಿನಾನೂ ಕಣ್ಣಿಗೆ ಬೀಳ್ಲಿಲ್ವಾ?"

ಉತ್ತರ ಕೊಟ್ಟದ್ದು ಮೇಷ್ಟರು ಹಮ್ಮಾದಿ. "ಕಲಾವಿದರ ಕೈ ಹಂಗೇ ಲಲ್ಲಾ. ಸುಮ್ನಿದ್ದಾಗ ನಡುಗುತ್ತೆ, ಕೆಲಸಕ್ಕೆ ಕೂತ್ರೆ ನಿಂತ್ಬಿಡುತ್ತೆ."

"ಹೌದಾ? ಹಬ್ಬದ ದಿನ ನಿಮ್ ಹೊಸ ಪ್ಯಾಂಟಿನ ಮೇಲೆ ಕಾಫಿ ಸುರಿದ್ರಲ್ಲ, ಆಗ ನಿಂತಿತ್ತಾ?"

ಇಬ್ಬರು ನಕ್ಕರು. ಮೇಷ್ಟರ ಮುಖ ಕೆಂಪಾಯಿತು. "ನೋಡಿ, ಹೆಣ್ಮಕ್ಕಳು ನೀರು ಬದಲಾಯಿಸ್ತಾರೆ, ಬಟ್ಟೆ ಹಿಂಡ್ತಾರೆ, ಸಹಾಯ ಮಾಡೇ ಮಾಡ್ತಾರೆ. ನಮ್ಮನೆಯವಳೂ ಮಾಡ್ತಾಳೆ. ಅದನ್ನೆಲ್ಲಾ ಚೀಟೀಲಿ ಬರೆಯೋಕಾಗುತ್ತಾ?"

ನೀರು ಬದಲಾಯಿಸುವುದಂತೆ! ಆಗ ನನಗೆ ಬಂದ ಸಿಟ್ಟನ್ನು ನೀನು ನೋಡಬೇಕಿತ್ತು. ಪೆಟ್ಟಿಗೆಯಿಂದ ಪೆಟ್ಟಿಗೆಗೆ ನಡೆದೆ. ಈ ಕಾಸಿನ ಮೂರನೇ ಅಕ್ಷರದ ಕೆಳಗೆ ಒಂದು ಕುಳಿ ಇದೆ, ಅಲ್ಲಿ ಏಳು ವಾರ ರೋಗ ತೆಗೆದೆ, ಕನ್ನಡಿ ಹಿಡಿದು ನೋಡಿ. ಈ ಚೌಕದ ಬೆಳ್ಳಿ ನಾಣ್ಯದ ಒಂದು ಮೂಲೆ ಬಿರುಕು ಬಿಟ್ಟಿದೆ, ಅಲ್ಲಿ ಬೇಕೆಂದೇ ಮಣ್ಣು ಬಿಟ್ಟಿದ್ದೇನೆ, ತೆಗೆದಿದ್ದರೆ ಎರಡು ತುಂಡಾಗುತ್ತಿತ್ತು. ಇದರ ಹಿಂಬದಿಯಲ್ಲಿ ಏನಿದೆ ಹೇಳಿ ಮೇಷ್ಟರೇ, ನೋಡದೆ ಹೇಳಿ. ಯಾರೂ ಕನ್ನಡಿ ಹಿಡಿಯಲಿಲ್ಲ. ಹಿಡಿದರೆ ನಾನು ಹೇಳಿದ್ದು ಅಲ್ಲಿರುತ್ತದೆ ಎಂದು ಅವರಿಗೂ ಗೊತ್ತಿತ್ತು.

"ಲಲ್ಲಾ, ಬಿಟ್ಬಿಡಿ. ಇವತ್ತು ಬೇಡ," ಎಂದರು ಸಿ ಮುನ್ಸಿಫ್, ಬಹಳ ಮೆಲ್ಲಗೆ.

"ಯಾಕೆ ಬಿಡ್ಲಿ? ನನ್ ಗಂಡ ಇದ್ದಿದ್ರೆ ಈ ಚೀಟೀನ ತಾವೇ ಹರಿದು ಹಾಕ್ತಿದ್ರು! ಬೇರೆಯವರ ಕೆಲಸಾನ ತಮ್ಮದು ಅಂತ ಹೇಳ್ಕೊಳ್ಳೋ ಮನುಷ್ಯ ಅಲ್ಲ ಅವರು. ದೇವರಾಣೆಗೂ ಅಲ್ಲ. ನೀವು ಸತ್ತವರ ಬಾಯಿಗೆ ಸುಳ್ಳು ತುರುಕ್ತಿದೀರಿ. ಒಂದಾ ಚೀಟಿ ಬದಲಾಗ್ಬೇಕು, ಇಲ್ಲಾ ನನ್ ನಾಣ್ಯ ನಾನು ಮನೆಗೆ ತಗೊಂಡು ಹೋಗ್ತೀನಿ."

ಸಿ ಮುನ್ಸಿಫ್ ನನ್ನನ್ನು ಒಳಕೋಣೆಗೆ ಕರೆದುಕೊಂಡು ಹೋದರು. ಅಲ್ಲಿಂದ ನಾನು ಹಿಂದಿನ ಬಾಗಿಲಲ್ಲಿ ಮನೆಗೆ ಬಂದೆ. ಚೀಟಿ ಅಲ್ಲೇ ಇದೆ, ನಾಣ್ಯಗಳೂ ಅಲ್ಲೇ ಇವೆ. ಜನ ಚೆನ್ನಾಗಿ ಬರುತ್ತಿದ್ದಾರಂತೆ. ಒಳಗೆ ಏನು ಮಾತಾಯಿತು ಎಂದು ಬರೆಯುವ ಹುರುಪು ಈಗ ಇಲ್ಲ.

ನಿನ್ನ ಮನೆಯಲ್ಲಿ ಸಮೃದ್ಧಿ ಇರಲಿ. ಮಗಳಿಗೆ ನನ್ನ ಮುತ್ತು ತಲುಪಿಸು. ಅವಳಿಗೆ ಸಿಗುವ ಗಂಡ ಅವಳ ಹೆಸರನ್ನು ನಾಲ್ಕು ಜನರೆದುರು ಎತ್ತಿ ಹೇಳುವವನಾಗಿರಲಿ. ನಿನ್ನ ಬೆನ್ನುನೋವಿಗೆ ಆ ಎಣ್ಣೆ ಬೆಚ್ಚಗೆ ಮಾಡಿ ಹಚ್ಚು.

ಇಂತು ನಿನ್ನ ಅತ್ತಿಗೆ,
ಮೊಂಜಿಯಾ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ನಿನಗೆ ಹೇಳದೆ ಇನ್ನು ಯಾರಿಗೆ ಹೇಳಲಿ?

ಒಳಕೋಣೆಯಲ್ಲಿ ಸಿ ಮುನ್ಸಿಫ್ ನನ್ನನ್ನು ಕೂರಿಸಿ, ನೀರು ಕೊಟ್ಟು, ಬಾಗಿಲು ಮುಚ್ಚಿದರು. ಆಮೇಲೆ, "ಲಲ್ಲಾ, ಇದನ್ನ ನಿಮಗೆ ತೋರಿಸ್ಬಾರ್ದು ಅಂತಿದ್ದೆ," ಎಂದು ನಿಮ್ಮಣ್ಣನ ಕಂದು ರಟ್ಟಿನ ಪುಸ್ತಕ ಮುಂದಿಟ್ಟರು. ನಾಣ್ಯಗಳ ಜೊತೆ ಚೀಲದಲ್ಲಿ ನಾನೇ ಕಟ್ಟಿ ಕಳಿಸಿದ ಪುಸ್ತಕ. ಒಂದೊಂದು ನಾಣ್ಯಕ್ಕೆ ಒಂದೊಂದು ಸಾಲು: ಎಲ್ಲಿ ಸಿಕ್ಕಿತು, ತೂಕವೆಷ್ಟು, ಕೊಟ್ಟದ್ದೆಷ್ಟು. ಕೊನೆಯ ಅಂಕಣದ ತಲೆಯ ಮೇಲೆ "ಶುಚಿ ಮಾಡಿದವರು" ಎಂದಿದೆ. ಅದರ ಕೆಳಗೆ "ನಾನೇ". ಇನ್ನೂರ ಹನ್ನೆರಡು ಸಾಲು, ಇನ್ನೂರ ಹನ್ನೆರಡು ಸಲ "ನಾನೇ". ಮೇಲಿನಂತೆ ಎಂದು ಒಂದು ಗೆರೆ ಎಳೆದು ಬಿಡಬಹುದಿತ್ತು. ಪ್ರತಿ ಸಲವೂ ಪೂರ್ತಿ ಬರೆದಿದ್ದಾರೆ, ನಡುಗುವ ಕೈಯಲ್ಲಿ, ಕಷ್ಟಪಟ್ಟು.

ಪುಸ್ತಕವನ್ನು ನೀನು ಯಾವತ್ತೂ ತೆರೆಯಲಿಲ್ಲವೇ ಎಂದು ಕೇಳುತ್ತೀಯ. ತೆರೆಯುವ ಅಗತ್ಯವೇ ಬೀಳಲಿಲ್ಲ. ಪ್ರತಿ ಶುಕ್ರವಾರ ಅವರೇ ನನಗೆ ಓದಿ ಹೇಳುತ್ತಿದ್ದರು. ನಾನು ಬಟಾಣಿ ಬಿಡಿಸುತ್ತಾ ಕೇಳುತ್ತಿದ್ದೆ. ಸಿಕ್ಕ ಜಾಗ, ತೂಕ, ಬೆಲೆ, ಅಷ್ಟಕ್ಕೆ ನಿಲ್ಲಿಸುತ್ತಿದ್ದರು. ಸಾಲು ಅಲ್ಲಿಗೇ ಮುಗಿಯುತ್ತದೆ ಎಂದುಕೊಂಡಿದ್ದೆ. ಓದಲು ನಾಚಿಕೆಯಾಗುತ್ತಿತ್ತು ಎಂದರೆ ಬರೆದದ್ದು ಏಕೆ?

ಸಿ ಮುನ್ಸಿಫ್ ಬಗ್ಗೆ ನಾನು ಮೇಲೆ ಸಿಟ್ಟಿನಲ್ಲಿ ಬರೆದದ್ದು ಸರಿಯಲ್ಲ. "ನೀವು ಹೇಳಿ ಲಲ್ಲಾ, ಈಗ್ಲೇ ಚೀಟಿ ಬದಲಾಯಿಸ್ತೀನಿ. ಈ ಪುಸ್ತಕ ಯಾರೂ ನೋಡಲ್ಲ," ಎಂದರು. ಬೇಡ ಎಂದೆ. ಬದಲಾಯಿಸಿದರೆ ನಿಮ್ಮಣ್ಣ ಸುಳ್ಳುಗಾರರಾಗುತ್ತಾರೆ, ಬದಲಾಯಿಸದಿದ್ದರೆ ನಾನು. ಅವರು ಮಣ್ಣಿನಲ್ಲಿದ್ದಾರೆ. ಬದುಕಿದ್ದರೆ ಜಗಳವಾದರೂ ಆಡುತ್ತಿದ್ದೆ.

ಒಂದೇ ಒಂದು ಕೇಳುತ್ತೇನೆ, ಸಾಲ್ಹಾ. ನೀನು ಇಲ್ಲಿಗೆ ಬಂದಾಗಲೆಲ್ಲ ಊಟಕ್ಕೆ ಮೊದಲು ಅವರು ನಿನ್ನನ್ನು ನಡುಮನೆಯಲ್ಲಿ ಕೂರಿಸಿಕೊಂಡು ನಾಣ್ಯ ತೋರಿಸುತ್ತಿದ್ದರಲ್ಲ. ನಾನು ಆಗ ಒಲೆಯ ಹತ್ತಿರ ಇರುತ್ತಿದ್ದೆ. ಇದನ್ನು ತೊಳೆದದ್ದು ಮೊಂಜಿಯಾ ಎಂದು ಒಂದು ಸಲವಾದರೂ ನಿನಗೆ ಹೇಳಿದ್ದರೇ? ಹೌದು ಅಥವಾ ಇಲ್ಲ, ಅಷ್ಟು ಬರೆದು ಕಳಿಸು. ನನ್ನನ್ನು ಸಮಾಧಾನ ಮಾಡಲಿಕ್ಕೆಂದು ಹೌದು ಎಂದು ಬರೆಯಬೇಡ.