ತಿರುಗಿ ನಡೆದ ಗಿರಾಕಿಯನ್ನು ನಪಾಸು ಮಾಡಿದವರಿಗೆ

ವರ್ಚುವಲ್ ಲೋಕದಲ್ಲಿ ಕನ್ನಡ ಕಲಿಸುವ ಯೋಜನೆಯ ನಿರ್ದೇಶಕರೇ,

ನಿಮ್ಮ ಕಂಪ್ಯೂಟರಿನೊಳಗಿನ ತರಕಾರಿ ಅಂಗಡಿಯಲ್ಲಿ ಚೌಕಾಸಿ ಮಾಡಿದ ಅಪರಾಧಕ್ಕಾಗಿ ಶಿವಾಜಿನಗರದ ವಾಜಿದಾ ಎಂಬುವರನ್ನು ಕನ್ನಡ ಬಾರದವರೆಂದು ತಾವು ಘೋಷಿಸಿದ್ದೀರಿ. ಬರುವ ಸೋಮವಾರ ಅವರಿಗೆ ಅಂಗನವಾಡಿ ಸಹಾಯಕಿಯ ಸಂದರ್ಶನವಿದೆ. ನಿಮ್ಮ ಪ್ರಮಾಣಪತ್ರವಿಲ್ಲದವರನ್ನು ಒಳಗೇ ಬಿಡುವುದಿಲ್ಲವಂತೆ. ಮರುಪರೀಕ್ಷೆ ಮುಂದಿನ ಬ್ಯಾಚಿನೊಂದಿಗೆ, ಅಂದರೆ 2009ರ ಜನವರಿಯಲ್ಲಿ. ಅಷ್ಟರೊಳಗೆ ಆ ಅಂಗನವಾಡಿಯ ಮಕ್ಕಳು ಬೇರೆ ಯಾರದೋ ಸೆರಗು ಹಿಡಿದಿರುತ್ತಾರೆ.

ನಾನು ಕಂಪ್ಯೂಟರಿನ ವಿರೋಧಿಯಲ್ಲ. ನಿಮ್ಮ ಯೋಜನೆಯ ಸುದ್ದಿ ಕೇಳಿದಾಗ ಮೊದಲು ಕುಣಿದಾಡಿದವನೇ ನಾನು. ಪರದೆಯ ಮೇಲೊಂದು ಊರು. ಅದರಲ್ಲಿ ನಮ್ಮ ಬದಲು ಓಡಾಡುವ, ಮಾತಾಡುವ ಗೊಂಬೆಗಳು. ಶಿವಾಜಿನಗರದಲ್ಲಿ ಹೆಂಗಸರಿಗೆ ಪುಕ್ಕಟೆ ಕನ್ನಡ ಕಲಿಸುವ ನನಗೆ ಇದಕ್ಕಿಂತ ಇನ್ನೇನು ಬೇಕಿತ್ತು? ನಮ್ಮ ಕಂಟೋನ್ಮೆಂಟಿನ ಕಷ್ಟ ತಮಗೆ ಗೊತ್ತಿರಲಾರದು. ಇಲ್ಲಿ ಯಾರೂ ಕನ್ನಡ ಕಲಿಯಬೇಡಿ ಎನ್ನುವುದಿಲ್ಲ. ಕಲಿಯಲು ಹೊರಟವರು ಒಂದು ಮಾತಿಗೆ ತಡವರಿಸಿದರೆ ಸಾಕು, ಎದುರಿನ ಅಂಗಡಿಯವರು ಪಾಪ ಅಂದುಕೊಂಡು ದಖನಿ ಉರ್ದುವಿಗೋ ತಮಿಳಿಗೋ ಹಾರಿಬಿಡುತ್ತಾರೆ. ಅವರ ಒಳ್ಳೆಯತನವೇ ನಮ್ಮ ಪಾಠವನ್ನು ಕೆಡಿಸುತ್ತದೆ. ತಡವರಿಸಿದರೂ ಕಾಯುವ, ಬೇರೆ ಭಾಷೆಗೆ ಹಾರದ ಒಬ್ಬ ಅಂಗಡಿಯವ ಸಿಕ್ಕಿದ್ದರೆ! ನಿಮ್ಮ ಲೋಕದಲ್ಲಿ ಅವನನ್ನು ಕಟ್ಟಬಹುದಿತ್ತು.

ಅದಕ್ಕೇ ತಾವು ಪಾಠಗಳ ಟೆಂಪ್ಲೇಟ್, ಅಂದರೆ ಮಾತುಕತೆಯ ಅಚ್ಚು, ಬರೆದುಕೊಡಿ ಎಂದಾಗ ನಾನು ತರಕಾರಿ ಅಂಗಡಿಯಿಂದಲೇ ಶುರು ಮಾಡಿದೆ. ಗಿರಾಕಿ ಬೆಲೆ ಕೇಳಬೇಕು. ಜಾಸ್ತಿಯಾಯಿತು ಎನ್ನಬೇಕು. ಒಪ್ಪದಿದ್ದರೆ ಬೆನ್ನು ತಿರುಗಿಸಿ ನಡೆಯಬೇಕು. ಆಗ ಅಂಗಡಿಯವ "ಬನ್ನಿ ಅಕ್ಕಾ, ನೀವೇ ಒಂದು ರೇಟ್ ಹೇಳಿ" ಎಂದು ಕೂಗಬೇಕು. ನಿಜವಾದ ಮಾತು ಶುರುವಾಗುವುದೇ ಅಲ್ಲಿಂದ. ನಮ್ಮ ತರಗತಿಯಲ್ಲಿ ಆ ಅಂಗಡಿಯವ ನಾನೇ ಆಗಿದ್ದೆ, ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಿದ್ದೆ. ಹೀಗೆ ವಾಪಸ್ ಬಂದು ಜಗಳವಾಡುತ್ತಲೇ ವಾಜಿದಾ ಕನ್ನಡ ಕಲಿತರು. ಅಂಗಡಿಯ ಗೊಂಬೆಯ ಹಿಂದೆ ಒಬ್ಬ ಮನುಷ್ಯ ಕೂತು ಮಾತಾಡಲಿ, ಪಾಠದ ಈ ಭಾಗವನ್ನು ಖಾಲಿ ಬಿಡಿ ಎಂದು ನಾನು ಬರೆದಿದ್ದೆ.

ತಮ್ಮ ಸಮಿತಿ ಆ ಖಾಲಿ ಜಾಗವನ್ನು ಕಂಡು ಬೆಚ್ಚಿಬಿತ್ತು. ಅಂಗಡಿಯವನು ಗಿರಾಕಿಯ ಹಿಂದೆ ಕೂಗುವುದು ಭಾಷೆಯ ಘನತೆಗೆ ತಕ್ಕುದಲ್ಲ ಎಂದು ತಾವೇ ಸಭೆಯಲ್ಲಿ ಅಪ್ಪಣೆ ಕೊಡಿಸಿದಿರಿ. ಎಲ್ಲ ಕಡೆಯೂ ಏಕರೂಪತೆ ಇರಬೇಕಂತೆ! ಮನುಷ್ಯನ ಬದಲು ಧ್ವನಿಮುದ್ರಿಸಿದ ನಾಲ್ಕು ಮಾತು ಕೂರಿಸಿದಿರಿ. ತರಕಾರಿ ಮಾರುವವನಿಗೆ ಜರಿಯಂಚಿನ ಪೇಟ ತೊಡಿಸಿದಿರಿ. ಅವನು ಸೌತೆಕಾಯಿ ಮಾರುತ್ತಾನೋ, ಸನ್ಮಾನ ಸ್ವೀಕರಿಸಲು ಬಂದಿದ್ದಾನೋ ಇಂದಿಗೂ ತಿಳಿಯದು.

ಇಂದಿರಾನಗರದ ನಿಮ್ಮ ಪ್ರಯೋಗಾಲಯದಲ್ಲಿ ಕಳೆದ ಶನಿವಾರ ನಡೆದ ಪರೀಕ್ಷೆಗೆ ನಾನೂ ಬಂದಿದ್ದೆ. ಶಿಕ್ಷಕರು ಹಿಂದೆ ನಿಲ್ಲಬಹುದು, ಬಾಯಿ ಬಿಡಬಾರದು ಎಂಬುದು ನಿಮ್ಮ ನಿಯಮ. ವಾಜಿದಾ ತಮ್ಮ ಗೊಂಬೆಯನ್ನು ಅಂಗಡಿಯ ಮುಂದೆ ನಿಲ್ಲಿಸಿ ಬದನೆಕಾಯಿಯ ಬೆಲೆ ಕೇಳಿದರು. ಪೇಟದವನು ಹೇಳಿದ. "ಏನ್ರೀ ಇಷ್ಟೊಂದು? ನೋಡಿ ಹೇಳಿ" ಎಂದು ಟೈಪ್ ಮಾಡಿದರು. "ಬೆಲೆ ನಿಗದಿಯಾಗಿದೆ. ತೆಗೆದುಕೊಳ್ಳುತ್ತೀರಾ?" ಎಂದ. "ಬಾಡಿ ಹೋಗಿದೆ, ಇದಕ್ಕೆ ಆ ರೇಟಾ?" ಎಂದರು. "ಬೆಲೆ ನಿಗದಿಯಾಗಿದೆ. ತೆಗೆದುಕೊಳ್ಳುತ್ತೀರಾ?" ಎಂದ.

ಆಗ ವಾಜಿದಾ ರಸಲ್ ಮಾರ್ಕೆಟಿನ ಸುತ್ತ ಬೆಳೆದ ಯಾರೇ ಆದರೂ ಮಾಡುವ ಕೆಲಸ ಮಾಡಿದರು. ಗೊಂಬೆಯನ್ನು ತಿರುಗಿಸಿ ನಡೆಸಿಯೇಬಿಟ್ಟರು.

ಪಕ್ಕದ ಕುರ್ಚಿಯಲ್ಲಿದ್ದ ಸಹಪಾಠಿ ಮೆಹರುನ್ನೀಸಾ, "ಅರೆ, ಎಲ್ಲಿಗೆ ಹೋಗ್ತಿದೀಯೆ?" ಎಂದರು.

"ಸುಮ್ನಿರು. ಕರೀತಾನೆ."

"ಎಲ್ಲಿ ಕರೀತಾನೆ? ನಿನ್ನ ಗೊಂಬೆ ಹಿಂಗೇ ನಡೆದ್ರೆ ಕೆ.ಆರ್.ಪುರ ಮುಟ್ಟುತ್ತೆ!"

"ಕರೀದೆ ಏನ್ಮಾಡ್ತಾನೆ? ಅಂಗಡೀಲಿ ಬೇರೆ ಗಿರಾಕಿ ಯಾರಿದಾರೆ ಅವನಿಗೆ?"

ಅವನು ಕರೆಯಲಿಲ್ಲ. ಗೊಂಬೆ ಬೆನ್ನು ತಿರುಗಿಸಿಕೊಂಡು ಬೀದಿಯ ತುದಿಯಲ್ಲಿ ನಿಂತೇ ಇತ್ತು. ವಾಜಿದಾ ಪರದೆಯತ್ತ ಕಿವಿಯಿಟ್ಟು ಕೂತಿದ್ದರು. ಪರದೆ ಕೆಂಪಾಯಿತು: "ಕಲಿಕಾರ್ಥಿ ಪಾಠವನ್ನು ತೊರೆದಿದ್ದಾರೆ. ಫಲಿತಾಂಶ: ಅನುತ್ತೀರ್ಣ."

ನಿಮ್ಮ ತಾಂತ್ರಿಕ ಸಹಾಯಕರನ್ನು ವಿಚಾರಿಸಿದೆ. "ಗುರು, 'ಆಗಲಿ, ಕೊಡಿ' ಅಂತ ಟೈಪ್ ಮಾಡಿದ್ರೆ ಆಗ್ತಿತ್ತು. ಟೆಂಪ್ಲೇಟಲ್ಲಿ ಅದೊಂದೇ ಆನ್ಸರ್ ಇರೋದು" ಎಂದರು. ಅವರನ್ನು ದೂರುವುದಿಲ್ಲ. ಅವರೂ ತಾವು ಕೊಟ್ಟ ಅಚ್ಚಿನಲ್ಲೇ ಎರಕ ಹೊಯ್ಯುವವರು.

ಹಾಗಾದರೆ ಸ್ವಾಮಿ, ಹೇಳಿದ ಬೆಲೆಗೆ ತಲೆಬಾಗುವುದು ಮಾತ್ರ ಕನ್ನಡವೇ? ಬಾಡಿದ್ದನ್ನು ಬಾಡಿದೆ ಎನ್ನುವ ವಾಕ್ಯ ಯಾವ ಭಾಷೆಯದು? ಉತ್ತರವನ್ನೂ ನೀವೇ ಬರೆದಿಟ್ಟು, ಪ್ರಶ್ನೆಯನ್ನೂ ನೀವೇ ಕೇಳುವುದಾದರೆ ನಡುವೆ ಕಲಿಯುವವರ ಅಗತ್ಯವಾದರೂ ಏನು? ಇನ್ನೊಂದು ಗೊಂಬೆಯನ್ನು ನಿಲ್ಲಿಸಿ. ಎರಡೂ ಪರಸ್ಪರ ಉತ್ತೀರ್ಣವಾಗಲಿ, ತಾವು ವರದಿ ಸಲ್ಲಿಸಿ. ಸಾವಿರ ಮೈಲಿ ದೂರದವರನ್ನೂ ಒಂದೇ ಬೀದಿಯಲ್ಲಿ ಎದುರುಬದುರು ನಿಲ್ಲಿಸಬಲ್ಲ ಯಂತ್ರವನ್ನು ತಂದು ತಾವು ಅದರಲ್ಲಿ ಯಾರೂ ಯಾರನ್ನೂ ಭೇಟಿಯಾಗದಂತೆ ನೋಡಿಕೊಂಡಿದ್ದೀರಿ. ಇಂಥ ಸಾಧನೆಗೆ ಅಪಾರ ಶ್ರಮ ಬೇಕು, ಒಪ್ಪುತ್ತೇನೆ.

ಈ ಪತ್ರ ಬರೆಯುತ್ತೇನೆಂದಾಗ ವಾಜಿದಾ ನನ್ನನ್ನು ತಡೆದರು. "ಬೇಡ ಸಾರ್, ಸಾಹೇಬ್ರು ಕೋಪ ಮಾಡ್ಕೊಂಡ್ರೆ ಜನವರೀಲೂ ಫೇಲ್ ಮಾಡ್ತಾರೆ. ನಾನು ಇನ್ಮೇಲೆ ಏನೂ ಕೇಳಲ್ಲ. 'ಆಗಲಿ, ಕೊಡಿ' ಅಂದ್ಬಿಡ್ತೀನಿ" ಎಂದರು. ಬಸ್ಸಿನ ಕಂಡಕ್ಟರ್‌ನಿಂದ ರೇಷನ್ ಅಂಗಡಿಯವರೆಗೆ ಎಲ್ಲರ ಹತ್ತಿರವೂ ಕನ್ನಡದಲ್ಲಿ ವಾದಿಸಲು ಕಲಿತಿದ್ದ ಹೆಂಗಸು ಇವರು. ನಾನು ಮಾತು ಕಲಿಸಿದೆ. ತಾವು ಒಂದೇ ಶನಿವಾರದಲ್ಲಿ ಬಾಯಿ ಮುಚ್ಚುವುದನ್ನು ಕಲಿಸಿದಿರಿ. ಈ ವೇಗ ನನಗೆ ಸಾಧ್ಯವಿಲ್ಲ.

ಅವರು ಬೇಡವೆಂದರೂ ಬರೆದಿದ್ದೇನೆ, ಕೋಪವೇನಿದ್ದರೂ ನನ್ನ ಮೇಲಿರಲಿ. ನನ್ನ ಬೇಡಿಕೆ ಇಷ್ಟೇ. ಶುಕ್ರವಾರ ಬೆಳಿಗ್ಗೆ ವಾಜಿದಾ ನಿಮ್ಮ ಕಚೇರಿಗೆ ಬರುತ್ತಾರೆ. ಕಂಪ್ಯೂಟರ್ ಆರಿಸಿ, ಎದುರಿಗೆ ಕೂರಿಸಿಕೊಂಡು, ತಾವೇ ಮಾತಾಡಿಸಿ. ಮಗು ಊಟ ಬೇಡವೆಂದು ಅಳುತ್ತಿದ್ದರೆ ಏನು ಹೇಳುತ್ತೀರಿ ಎಂದು ಕೇಳಿ. ಅವರ ಉತ್ತರ ತಮಗೆ ಅರ್ಥವಾದರೆ ಅಲ್ಲೇ ಪ್ರಮಾಣಪತ್ರಕ್ಕೆ ಸಹಿ ಹಾಕಿ. ಅರ್ಥವಾಗದಿದ್ದರೆ ಜನವರಿ ಬ್ಯಾಚಿನಲ್ಲಿ ತಮಗೂ ಒಂದು ಕುರ್ಚಿ ಹಾಕಿಸುತ್ತೇನೆ, ಶುಲ್ಕವಿಲ್ಲ.

ಇಂತಿ,
ತಮ್ಮ ಕಡತದಲ್ಲಿ ಸಲಹೆಗಾರನಾಗಿ ಇನ್ನೂ ಉಳಿದಿರುವ, ಸಲಹೆ ಮಾತ್ರ ಒಂದೂ ಉಳಿಯದ,
ಪ್ರೇಮ್‌ಕುಮಾರ್
ಜೋಗುಪಾಳ್ಯ